ತೂಕದಮ್ಮನ ಪೆಟ್ಟಿಗೆ

ಔಷಧಿ ಅಂಗಡಿಯವರೆಲ್ಲ ಅವಳನ್ನು ತೂಕದಮ್ಮ ಎಂದೇ ಕರೆಯುತ್ತಿದ್ದರು. ಆಳು ನೋಡಿದರೆ ಜೋರು ಗಾಳಿಗೆ ಹಾರಿಹೋಗುವಂತಿದ್ದಳು. ಹೆಸರು ಮಾತ್ರ ತೂಕದ್ದು. ಔಷಧಿ ತಯಾರಿಸುವ ಅಂಗಡಿಗಳಲ್ಲಿ, ಆಸ್ಪತ್ರೆಗಳಲ್ಲಿ, ಬಣ್ಣದ ಕಾರ್ಖಾನೆಗಳಲ್ಲಿ ಗಾಜಿನ ಗೂಡಿನೊಳಗೆ ಕೂತಿರುವ ನಾಜೂಕು ತಕ್ಕಡಿಗಳಿರುತ್ತವಲ್ಲ, ಪಕ್ಕದಲ್ಲಿ ಉಸಿರು ಬಿಟ್ಟರೂ ಅಂಕಿ ಕುಣಿಯುವಂಥವು, ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ಸುಳ್ಳು ಹೇಳುತ್ತಿದ್ದರೆ ಕಿವಿ ಹಿಂಡಿ ಸರಿಮಾಡಿ, ಮೇಲೊಂದು ಚೀಟಿ ಅಂಟಿಸಿ, ಸಹಿ ಹಾಕಿ, ಮುಂದಿನ ಊರಿಗೆ ಬಸ್ಸು ಹಿಡಿಯಬೇಕು. ತಿಂಗಳಿಗೆ ಹದಿನೆಂಟು ದಿನ ಹೀಗೆ.

ಒಂಬತ್ತು ವರ್ಷ ಅದೇ ಕೆಲಸ ಮಾಡಿ ಅವಳ ಕೈಗೇ ಒಂದು ತಕ್ಕಡಿ ಬಂದುಬಿಟ್ಟಿತ್ತು. ಸಂತೆಯಲ್ಲಿ ಟೊಮೆಟೊ ಚೀಲ ಎತ್ತಿ, "ಐವತ್ತು ಗ್ರಾಂ ಕಮ್ಮಿ ಇದೆಯಲ್ಲಪ್ಪ" ಎನ್ನುತ್ತಿದ್ದಳು. ತರಕಾರಿಯವನು ಅವಳು ದೂರದಲ್ಲಿ ಬರುವುದನ್ನು ಕಂಡರೇ ಎರಡು ಟೊಮೆಟೊ ಹೆಚ್ಚಿಗೆ ಹಾಕಿಡುತ್ತಿದ್ದ. ಊರಿಂದ ಬಂದವಳು ಮಗಳನ್ನು ಎತ್ತಿಕೊಂಡು ಕಣ್ಣುಮುಚ್ಚಿ, "ಹದಿನೇಳು ಕೆಜಿ ಇನ್ನೂರು" ಎನ್ನುವುದೂ ಮಗಳು ಕುಣಿಯುವುದೂ ಮನೆಯಲ್ಲಿ ನಡೆದುಕೊಂಡು ಬಂದಿದ್ದ ಆಟ. ಎರಡು ವಾರಕ್ಕೊಮ್ಮೆ ಮಗು ಎಷ್ಟು ಬೆಳೆದಿದೆ ಎಂದು ತಿಳಿಯಲು ಅವಳಿಗಿದ್ದ ದಾರಿ ಅದೊಂದೇ, ಪಾಪ.

ಮಗಳಿಗೆ ಆಗ ಐದೂವರೆ ವರ್ಷ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಮನೆಯಲ್ಲಿ ಅವಳು ಚೂಟಿ. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ನೆಲ ಬೆಚ್ಚಗಾಗುತ್ತಿತ್ತು, ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಗಂಡ ಮುದ್ರಣಾಲಯದಲ್ಲಿ ಬೆಳಗಿನ ಪಾಳಿಯವನು. ಕೋಳಿ ಕೂಗುವ ಮುಂಚೆ ಹೋಗಿ ಮಧ್ಯಾಹ್ನ ಬಂದು, ಕೈಯ ಶಾಯಿ ತೊಳೆಯುವಷ್ಟರಲ್ಲಿ ತೂಕಡಿಸುವ ಸಾಧು ಪ್ರಾಣಿ. ಮನೆ ನಡೆಯುತ್ತಿದ್ದದ್ದು ಅತ್ತೆಯಿಂದ. ಅತ್ತೆಗೆ ಮಂಡಿನೋವು, ಬಾಯಿ ಮಾತ್ರ ಚುರುಕು. ಮನೆಬಾಗಿಲಿಗೆ ಹೂಬಳ್ಳಿ ಕೆತ್ತಿದ ಹಳೆಯ ಹಿತ್ತಾಳೆ ಹಿಡಿಯೊಂದಿತ್ತು. ಭಾನುವಾರ ಬಂತೆಂದರೆ ಮುದುಕಿ ಹಲ್ಲುಪುಡಿಯನ್ನೂ ಹಳೆ ಬಟ್ಟೆಯನ್ನೂ ತೆಗೆದುಕೊಂಡು ಅದನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದಳು. ಚೂಟಿ ಪಕ್ಕದಲ್ಲಿ ಕೂತು ಹಲ್ಲುಪುಡಿ ಉದುರಿಸಿಕೊಡುವವಳು.

ಊರೂರು ತಿರುಗುವ ಗಂಡಸನ್ನು ಯಾರೂ ಕೇಳದ ಒಂದು ಪ್ರಶ್ನೆಯನ್ನು ಇವಳನ್ನು ಕೇಳದವರಿರಲಿಲ್ಲ. "ಮಗೂನ ಯಾರು ನೋಡ್ಕೋತಾರೆ?" ಬಸ್ಸಿನಲ್ಲಿ ಪಕ್ಕದ ಸೀಟಿನವರು, ಹೋಟೆಲಿನಲ್ಲಿ ಕೋಣೆಯ ಕೀಲಿ ಕೊಡುವವನು, ಕಾರ್ಖಾನೆಯ ಮ್ಯಾನೇಜರು. ಮಗುವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದಿದ್ದಾಳೇನೋ ಎಂಬಂತಹ ದನಿ ಬೇರೆ. ಮೊದಲು ವಿವರವಾಗಿ ಉತ್ತರ ಹೇಳುತ್ತಿದ್ದಳು. ಆಮೇಲೆ "ಮನೇಲಿದ್ದಾರೆ" ಎನ್ನುತ್ತಿದ್ದಳು. ಕೊನೆಕೊನೆಗೆ ಕಿವಿ ಕೇಳದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಹೊರಡುವುದಕ್ಕೆ ಅವಳು ಮಾಡದ ಉಪಾಯವಿಲ್ಲ. ಮಗು ಮಲಗಿದ್ದಾಗ ಕಳ್ಳಹೆಜ್ಜೆ ಹಾಕಿ ಹೋದಳು. ಮಗು ಅಮ್ಮನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಮಲಗುವುದನ್ನು ಕಲಿತಿತು. ಗೋಡೆಗೆ ಕ್ಯಾಲೆಂಡರ್ ಹಾಕಿ ಬರುವ ದಿನಕ್ಕೆ ಕೆಂಪು ಗುರುತು ಮಾಡಿ ಹೋದಳು. ಚೂಟಿ ಕೆಂಪು ಪೆನ್ಸಿಲು ಹಿಡಿದು ಎಲ್ಲಾ ದಿನಗಳಿಗೂ ಗುರುತು ಹಾಕಿಟ್ಟಳು. ಸಂಜೆ ಏಳಕ್ಕೆ ಫೋನು ಮಾಡುತ್ತಿದ್ದಳು. ಮೊದಲ ವರ್ಷ ಮಗು ಫೋನಿನಲ್ಲಿ ಅಳುತ್ತಿತ್ತು, ಎರಡನೇ ವರ್ಷ ಕಥೆ ಹೇಳುತ್ತಿತ್ತು, ಈಗೀಗ "ಹೂಂ", "ಊಹೂಂ" ಎರಡೇ. ಅತ್ತುಬಿಟ್ಟರೇ ವಾಸಿಯಿತ್ತು ಎಂದು ತಾಯಿಗೆ ಅನಿಸುತ್ತಿತ್ತು.

ಒಂದು ಸಲ ಚೂಟಿ ಕೇಳಿದಳು, "ಅಷ್ಟೊಂದು ದಿನ ಯಾಕೆ ಬೇಕು ನಿಂಗೆ?"

ಅವಳು ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಮಗುವಿಗೆ ಅರ್ಥವಾಗುವ ಹಾಗೆ ಏನು ಹೇಳುವುದು? ಬಾಯಿಗೆ ಬಂದದ್ದನ್ನು ಹೇಳಿದಳು. "ಪೆಟ್ಟಿಗೇಲಿ ಬಟ್ಟುಗಳಿವೆ ನೋಡು, ಹೋದ ಕಡೆಯೆಲ್ಲಾ ಒಂದೊಂದನ್ನೂ ಒರೆಸಿ ಒರೆಸಿ ಇಡ್ಬೇಕು. ಚೂರು ಧೂಳಿದ್ರೂ ಆಗಲ್ಲ. ಅದಕ್ಕೇ ತಡ."

"ಒರೆಸಿಯೇ ಇದ್ರೆ ಬೇಗ ಬರ್ತೀಯಾ?"

"ಹೂಂ, ಬರ್ತೀನಿ" ಎಂದಳು, ಸೂಟ್‌ಕೇಸಿನ ಜಿಪ್ಪು ಎಳೆಯುತ್ತಾ. ಅರ್ಧ ಗಮನದಲ್ಲಿ ಆಡಿದ ಮಾತು. ದೊಡ್ಡವರು ದಿನಕ್ಕೆ ಇಂಥ ಇಪ್ಪತ್ತು ಮಾತಾಡಿ ಮರೆಯುತ್ತಾರೆ. ಮಕ್ಕಳು ಮರೆಯುವುದಿಲ್ಲ, ಅದೇ ತಾಪತ್ರಯ.

ಆ ಬಟ್ಟುಗಳ ವಿಷಯ ಇಲ್ಲಿ ಹೇಳಬೇಕು. ಅಂಗೈಯಗಲದ ಮರದ ಪೆಟ್ಟಿಗೆ, ಒಳಗೆ ಕಡುನೀಲಿ ಮಕಮಲ್ಲು, ಅದರ ಗುಳಿಗಳಲ್ಲಿ ಹದಿನಾಲ್ಕು ಹಿತ್ತಾಳೆ ತೂಕದ ಬಟ್ಟುಗಳು. ಇನ್ನೂರು ಗ್ರಾಮಿನ ದಪ್ಪ ಅಣ್ಣನಿಂದ ಹಿಡಿದು ಒಂದು ಗ್ರಾಮಿನ ಕೂಸಿನವರೆಗೆ ಸಾಲಾಗಿ ಕೂತಿರುತ್ತಿದ್ದವು. ಲೋಕದ ತಕ್ಕಡಿಗಳೆಲ್ಲ ತಪ್ಪಿದರೂ ಇವು ತಪ್ಪಬಾರದು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರು ಅಂಟಿದರೆ ತೂಕ ಹೆಚ್ಚುತ್ತದೆ. ಮೆತ್ತನೆಯ ಕುಂಚದಲ್ಲಿ ಧೂಳು ಹಾರಿಸಬಹುದೇ ಹೊರತು ಉಜ್ಜುವಂತಿಲ್ಲ, ಉಜ್ಜಿದರೆ ಲೋಹ ಸವೆದು ತೂಕ ಇಳಿಯುತ್ತದೆ. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಹಸುಗೂಸನ್ನು ಎತ್ತುವ ಹಾಗೆ ಎತ್ತಬೇಕು. "ಕೈಯಲ್ಲಿ ಮುಟ್ಟಬಾರದು" ಎಂದು ಚೂಟಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಉಜ್ಜಬಾರದು ಎಂದು ಹೇಳಬೇಕೆಂದು ಹೊಳೆದಿರಲೇ ಇಲ್ಲ.

ನಿಯಮದ ಪ್ರಕಾರ ಆ ಪೆಟ್ಟಿಗೆ ಮನೆಗೆ ಬರುವಂತೆಯೇ ಇರಲಿಲ್ಲ. ಊರಿಂದ ಬಂದವರು ನೆಟ್ಟಗೆ ಕಚೇರಿಗೆ ಹೋಗಿ ಉಗ್ರಾಣದಲ್ಲಿ ಒಪ್ಪಿಸಬೇಕು, ಮತ್ತೆ ಹೊರಡುವಾಗ ಅಲ್ಲಿಂದಲೇ ಪಡೆಯಬೇಕು. ಕಚೇರಿ ನಗರದ ಆ ತುದಿಯಲ್ಲಿ, ಮನೆ ಈ ತುದಿಯಲ್ಲಿ. ಎರಡು ಬಸ್ಸು ಬದಲಿಸಿ ಹೋಗಿಬರಲು ಅರ್ಧ ದಿನ ಬೇಕು. ಕೊಡಲು ಅರ್ಧ, ತರಲು ಅರ್ಧ. ಎಷ್ಟೋ ಸಲ ಎರಡು ಪ್ರವಾಸಗಳ ನಡುವೆ ಸಿಗುತ್ತಿದ್ದದ್ದೇ ಒಂದೂವರೆ ದಿನ. ಅದರಲ್ಲಿ ಒಂದು ದಿನ ಬಸ್ಸಿನ ಪಾಲಾದರೆ ಮಗಳಿಗೆ ಉಳಿಯುವುದೇನು? ಉಗ್ರಾಣದವನು ಒಳ್ಳೆಯವನು. "ನೀವು ಹೇಳಿಲ್ಲ, ನಾನು ನೋಡಿಲ್ಲ" ಎಂದು ಪುಸ್ತಕದಲ್ಲಿ ಬಂತು, ಹೋಯಿತು ಎರಡನ್ನೂ ಒಟ್ಟಿಗೇ ಬರೆದುಕೊಳ್ಳುತ್ತಿದ್ದ. ಹೀಗೆ ಏಳು ತಿಂಗಳಿಂದ ಪೆಟ್ಟಿಗೆ ಅವಳ ಜೊತೆ ಮನೆಗೆ ಬಂದು ಬೀರುವಿನ ಮೇಲೆ ಕೂರುತ್ತಿತ್ತು. ಕದ್ದದ್ದು ಎಂದರೆ ಕದ್ದದ್ದೇ. ಆದರೆ ಅವಳು ಕದ್ದದ್ದು ಪೆಟ್ಟಿಗೆಯನ್ನಲ್ಲ, ಒಂದು ಮಧ್ಯಾಹ್ನವನ್ನು.

ಈ ತಿರುಗಾಟಕ್ಕೆ ಕೊನೆ ಇಲ್ಲವೇ ಎಂದರೆ, ಇತ್ತು. ಕಚೇರಿಯ ಮೂರನೇ ಮಹಡಿಯಲ್ಲಿ ಪ್ರಯೋಗಾಲಯವಿತ್ತು. ಎರಡು ಬಾಗಿಲುಗಳ ತಣ್ಣನೆಯ ಕೋಣೆ, ಕಲ್ಲಿನ ಮೇಜು, ಅದರ ಮೇಲೆ ಕಚೇರಿಯ ಮೂಲ ತಕ್ಕಡಿ. ಒಂಬತ್ತಕ್ಕೆ ಹೋಗಿ ಐದಕ್ಕೆ ಎದ್ದು ಬರುವ ಕೆಲಸ. ಅಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದ ಹಿರಿಯಾಕೆಯನ್ನು ಎಲ್ಲರೂ ಲ್ಯಾಬಿನಕ್ಕ ಎನ್ನುತ್ತಿದ್ದರು. ಅವರು ಆ ವರ್ಷ ನಿವೃತ್ತರಾಗುವವರಿದ್ದರು. ಒಂದು ದಿನ ಇವಳನ್ನು ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿ, "ಹೇಗಿದೆ?" ಎಂದರು. ಕುರ್ಚಿಯ ಕಾಲು ಸ್ವಲ್ಪ ಅಲ್ಲಾಡುತ್ತಿತ್ತು. ಸ್ವರ್ಗವೂ ಸ್ವಲ್ಪ ಅಲ್ಲಾಡುತ್ತದೇನೋ ಎಂದುಕೊಂಡಳು.

ಮೇಲ್ವಿಚಾರಕರು ಕೆಟ್ಟವರಲ್ಲ. ಕಡತ ಮುಚ್ಚಿ ಹೇಳಿದರು, "ನಿಮ್ಮ ಕೈ ಬಗ್ಗೆ ನಂಗೆ ಅನುಮಾನ ಇಲ್ಲಮ್ಮ. ಈ ಹನ್ನೆರಡು ದಿನದ ದಾರಿ ಒಂದು ದೂರಿಲ್ಲದೆ ಮುಗಿಸ್ಕೊಂಡು ಬನ್ನಿ. ಬಂದ್ಮೇಲೆ ಆ ಕುರ್ಚಿ ನಿಮ್ದೇ."

ಆ ದಿನ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ, "ಕೈಗೆ ಬಂದ್ಮೇಲೆ ಹೇಳು, ಈಗ್ಲೇ ಮಗೂ ಕಿವಿಗೆ ಹಾಕ್ಬೇಡ" ಎಂದಳು. ಹಾಕಲಿಲ್ಲ. ಮನಸ್ಸಿನಲ್ಲಿ ಮಾತ್ರ ಎಲ್ಲ ನಡೆದುಹೋಗಿತ್ತು. ಶಾಲೆಯ ಗೇಟಿನಲ್ಲಿ ತಾನೇ ನಿಂತಿರುವುದು, ದಿನವೂ ಜಡೆ ಹಾಕುವುದು, ಜ್ವರ ಬಂದರೆ ಹಣೆ ಮುಟ್ಟಿ ನೋಡುವುದು. ದೊಡ್ಡ ಆಸೆಗಳೇನಲ್ಲ.

ಅದಕ್ಕೆ ಮುಂಚಿನ ಪ್ರವಾಸ ಮುಗಿಸಿ ಶನಿವಾರ ಮಧ್ಯಾಹ್ನ ಮನೆ ಸೇರಿದಾಗ ಸೋಮವಾರ ಬೆಳಿಗ್ಗೆಯೇ ಆ ಹನ್ನೆರಡು ದಿನದ ದಾರಿ ಶುರುವಾಗುವುದಿತ್ತು. ಪೆಟ್ಟಿಗೆ ಜೊತೆಯಲ್ಲೇ ಇತ್ತು, ಬೀರುವಿನ ಮೇಲೆ ಹತ್ತದೆ ಇನ್ನೂ ಸೂಟ್‌ಕೇಸಿನ ಪಕ್ಕದಲ್ಲೇ. ಊಟವಾದ ಮೇಲೆ ಚೂಟಿ ಹೇಳಿದಳು, "ಈಗ ನಾವಿಬ್ರೂ ಆಟ ಆಡೋದು. ಸಂಜೆ ತನಕ."

"ಹೂಂ, ಸಂಜೆ ತನಕ" ಎಂದು ಅವಳು ಚಾಪೆ ಹಾಸಿಕೊಂಡಳು. ಕೆಳಗೆ ಬಟ್ಟೆಯ ಯಂತ್ರ ತಿರುಗುತ್ತಿತ್ತು, ನೆಲ ಬೆಚ್ಚಗಿತ್ತು. ಎರಡು ನಿಮಿಷ ಬೆನ್ನು ನೆಟ್ಟಗೆ ಮಾಡಿ ಏಳುತ್ತೇನೆ ಎಂದುಕೊಂಡವಳು ಕೊರಡಿನ ಹಾಗೆ ಬಿದ್ದುಕೊಂಡಳು. ಒಂದೂವರೆ ಗಂಟೆ. ನಿಯಮ ಮುರಿದು, ಉಗ್ರಾಣದವನ ಹಂಗಿಗೆ ಬಿದ್ದು, ಏಳು ತಿಂಗಳು ಎದೆ ಡವಡವ ಎನ್ನಿಸಿಕೊಂಡು ಸಂಪಾದಿಸಿದ ಮಧ್ಯಾಹ್ನವನ್ನು ಅವಳು ನಿದ್ದೆ ಮಾಡಿ ಕಳೆದಳು. ಬೈಯಬೇಕು ಅನಿಸುತ್ತದೆ. ಯಾರನ್ನು ಬೈಯುವುದು?

ಎದ್ದಾಗ ಚೂಟಿ ಪಕ್ಕದಲ್ಲೇ ಮಂಡಿ ಮಡಚಿ ಕೂತು ಅವಳ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಮಿನುಗುತ್ತಿತ್ತು.

"ನನ್ನ ಯಾಕೆ ಎಬ್ಬಿಸ್ಲಿಲ್ಲ ಪುಟ್ಟಾ?"

"ನಂಗೆ ಕೆಲಸ ಇತ್ತು" ಎಂದಳು ಮಗಳು, ಥೇಟ್ ಅಮ್ಮನ ದನಿಯಲ್ಲಿ. ಅತ್ತೆಯೂ ಅವಳೂ ಒಟ್ಟಿಗೆ ನಕ್ಕರು.

ಸೋಮವಾರ ಮೊದಲ ಊರು. ಮುದುಕ ಔಷಧಿಗಾರನ ಕತ್ತಲೆ ಕತ್ತಲೆಯಾದ ಅಂಗಡಿ, ಗೋಡೆತುಂಬ ಸಣ್ಣ ಸಣ್ಣ ಡ್ರಾಯರುಗಳು. ಪೆಟ್ಟಿಗೆ ತೆರೆದಾಗ ಕೈಗವಸು ಒಂದರೊಳಗೊಂದು ಸಿಕ್ಕಿಸಿ ಉಂಡೆಯಾಗಿತ್ತು. ತಾನೇ ಅವಸರದಲ್ಲಿ ಹಾಗಿಟ್ಟಿರಬೇಕು ಎಂದುಕೊಂಡಳು. ಮೊದಲು ಅಂಗಡಿಯ ತಕ್ಕಡಿ ಒರೆಸಿ, ಮಟ್ಟ ನೋಡಿ, ಇನ್ನೂರು ಗ್ರಾಮಿನ ಬಟ್ಟು ಇಟ್ಟಳು. ತಕ್ಕಡಿ ಹದಿನೆಂಟು ಮಿಲಿಗ್ರಾಂ ಕಡಿಮೆ ತೋರಿಸಿತು. ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಹಳೆಯ ತಕ್ಕಡಿ, ಜಾರಿದೆ ಎಂದುಕೊಂಡು ಸರಿಮಾಡಿ, ಚೀಟಿ ಅಂಟಿಸಿ ಸಹಿ ಹಾಕಿದಳು. ಮುದುಕ ಕಣ್ಣುಮಿಟುಕಿಸಿ ಹೇಳಿದ, "ನನಗೂ ವಯಸ್ಸಾಯ್ತು, ಅದಕ್ಕೂ ವಯಸ್ಸಾಯ್ತು. ನನ್ನನ್ನೂ ಹಿಂಗೇ ಸರಿಮಾಡಿ ಒಂದು ಚೀಟಿ ಅಂಟಿಸಿ ತೂಕದಮ್ಮ."

ಮಂಗಳವಾರ ಎರಡನೇ ಊರು, ಆಸ್ಪತ್ರೆಯ ಔಷಧಿ ಕೋಣೆ. ಅಲ್ಲಿ ಹೊಚ್ಚಹೊಸ ತಕ್ಕಡಿ, ಕಾರ್ಖಾನೆಯ ಮುದ್ರೆ ಒಡೆದು ಇನ್ನೂ ವಾರವಾಗಿರಲಿಲ್ಲ. ಇನ್ನೂರರ ಬಟ್ಟು ಇಟ್ಟಳು. ಹದಿನೆಂಟು ಮಿಲಿಗ್ರಾಂ ಕಡಿಮೆ.

ಅವಳ ಕೈ ನಿಂತಿತು. ಹೊಸ ತಕ್ಕಡಿಯ ಜೊತೆ ಕಾರ್ಖಾನೆಯವರು ಕಳಿಸಿದ್ದ ಬಟ್ಟು ಡಬ್ಬಿಯಲ್ಲಿ ಹಾಗೇ ಇತ್ತು. ಅದನ್ನು ಇಟ್ಟು ನೋಡಿದಳು. ಸರಿಯಾಗಿ ಇನ್ನೂರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮತ್ತೆ ತನ್ನದನ್ನು ಇಟ್ಟಳು. ಮತ್ತೆ ಹದಿನೆಂಟು ಕಡಿಮೆ. ತಕ್ಕಡಿಯಲ್ಲ ಸುಳ್ಳು ಹೇಳುತ್ತಿದ್ದದ್ದು, ಅವಳ ಬಟ್ಟು.

ಬಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂಬತ್ತು ವರ್ಷದ ಮಂಕು ಹೋಗಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ತಲೆಯ ಗುಬುಟಿನ ಸಂದಿಯಲ್ಲಿ ಎಳೆಯಷ್ಟು ಬಿಳಿ ಪುಡಿ. ಮೂಗಿನ ಹತ್ತಿರ ತಂದಳು. ಲವಂಗದ ವಾಸನೆ. ಮನೆಯ ಬಚ್ಚಲ ಗೂಡಿನಲ್ಲಿದ್ದ ಕೆಂಪು ಡಬ್ಬಿಯ ಹಲ್ಲುಪುಡಿ. ಆಗ ಕೈಗವಸಿನ ಉಂಡೆ ನೆನಪಾಯಿತು. ಅವಳ ಮನೆಯಲ್ಲಿ ಕಾಲುಚೀಲಗಳನ್ನು ಹಾಗೆ ಒಂದರೊಳಗೊಂದು ಸಿಕ್ಕಿಸಿ ಉಂಡೆ ಮಾಡುವವಳು ಒಬ್ಬಳೇ.

ಉಳಿದ ಹದಿಮೂರನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಮಗು ಒಂದನ್ನೂ ಬಿಟ್ಟಿರಲಿಲ್ಲ. ಗುಳಿಗಳಲ್ಲಿ ಒಂದೂ ಅದಲುಬದಲಾಗಿರಲಿಲ್ಲ. ಅಮ್ಮ ಹೇಳಿದ ಹಾಗೆ ಬರಿಗೈಯಲ್ಲಿ ಮುಟ್ಟದೆ, ಕೈಗವಸು ಹಾಕಿಕೊಂಡು, ಪಕ್ಕದಲ್ಲಿ ಅಮ್ಮ ಗೊರಕೆ ಹೊಡೆಯುತ್ತಿರುವಾಗ ಸದ್ದಿಲ್ಲದೆ ಹದಿನಾಲ್ಕನ್ನೂ ಬೆಳಗಿಟ್ಟಿದ್ದಳು. ಇಷ್ಟು ಅಚ್ಚುಕಟ್ಟಾಗಿ ಯಾರಾದರೂ ಯಾರ ಬಾಳನ್ನಾದರೂ ಹಾಳುಮಾಡಿದ್ದುಂಟೇ? ಅವಳಿಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡಳು. ಆಸ್ಪತ್ರೆಯ ಹುಡುಗಿ ಬಾಗಿಲಲ್ಲಿ ನಿಂತು, "ಟೀ ತರ್ಲಾ ಮೇಡಂ?" ಎನ್ನುತ್ತಿದ್ದಳು.

ಸುಮ್ಮನಿದ್ದುಬಿಡಬಹುದಿತ್ತು. ಆ ಟೀ ಮುಗಿಯುವವರೆಗೆ ಅದನ್ನೇ ಯೋಚಿಸಿದಳು. ಹದಿನೆಂಟು ಮಿಲಿಗ್ರಾಂ ಯಾರಿಗೆ ಗೊತ್ತಾಗುತ್ತದೆ? ಹತ್ತು ದಿನ ಹಲ್ಲುಕಚ್ಚಿ ಓಡಾಡಿ ಬಂದರೆ ಲ್ಯಾಬಿನಕ್ಕನ ಕುರ್ಚಿ. ಕುರ್ಚಿಯಲ್ಲಿ ಕೂತ ಮೇಲೆ ಬಟ್ಟುಗಳನ್ನು ತಾನೇ ತೂಗಿ ತಾನೇ ಸರಿಪಡಿಸಬಹುದು. ಆದರೆ ಒಂದು ಗ್ರಾಮಿನ ಕೂಸು ಕೂಡ ಸವೆದಿತ್ತು. ಅದನ್ನು ನಂಬಿಕೊಂಡು ತೂಗುವ ಔಷಧಿ ಯಾವ ಮಗುವಿನ ಬಾಯಿಗೆ ಹೋಗುತ್ತದೋ ಯಾರಿಗೆ ಗೊತ್ತು. ಮುದುಕ ಔಷಧಿಗಾರ ಅವಳ ಸಹಿ ನೋಡಿ ಕಣ್ಣುಮುಚ್ಚಿ ತೂಗುತ್ತಿರುತ್ತಾನೆ. ಅವಳ ಬಳಿ ಇದ್ದದ್ದು ಆ ಸಹಿ ಒಂದೇ. ಖಾಲಿ ಲೋಟ ಕೆಳಗಿಟ್ಟು ಕಚೇರಿಗೆ ಫೋನು ಮಾಡಿದಳು.

ಮೇಲ್ವಿಚಾರಕರು ಪೂರ್ತಿ ಕೇಳಿಸಿಕೊಂಡು ಕೇಳಿದರು, "ಮಗಳ ಕೈಗೆ ಪೆಟ್ಟಿಗೆ ಹೇಗೆ ಸಿಕ್ತು? ಉಗ್ರಾಣದಲ್ಲಿರಲಿಲ್ವಾ?"

"ಮನೇಲಿತ್ತು ಸರ್."

"ಈ ಒಂದ್ಸಲಾನಾ?"

ಹೌದು ಎಂದಿದ್ದರೆ ಏನಾಗುತ್ತಿತ್ತೋ. ಅವಳ ಬಾಯಿಂದ ಬಂದದ್ದು, "ಏಳು ತಿಂಗಳಿಂದ."

ಮೇಲ್ವಿಚಾರಕರು ಹೇಳಿದರು, "ನಂಗೂ ಮಕ್ಕಳಿದ್ದಾರಮ್ಮ. ಆದ್ರೆ ಇದನ್ನ ನಾನು ಬರೆದು ಮೇಲೆ ಕಳಿಸ್ಲೇಬೇಕು. ವಾಪಸ್ ಬಂದ್ಬಿಡಿ." ಬೈಯಲಿಲ್ಲ. ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಬರುವ ದಾರಿಯಲ್ಲಿ ಮೊದಲ ಊರಿಗೆ ಹೋಗಿ, ಮುದುಕನ ತಕ್ಕಡಿಯನ್ನು ಮೊದಲಿದ್ದ ಹಾಗೆ ಮಾಡಿ, ತನ್ನ ಸಹಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಅಂಟು ಗಟ್ಟಿಯಾಗಿತ್ತು, ಅರ್ಧ ಸಹಿ ಅಲ್ಲೇ ಉಳಿಯಿತು. ಮುದುಕ ಕೇಳಿದ, "ನೀವು ಬಾಯಿ ಬಿಡದೇ ಇದ್ದಿದ್ರೆ ಇದು ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಇಲ್ಲ" ಎಂದಳು.

ಗುರುವಾರ ಮಧ್ಯಾಹ್ನ ಕಚೇರಿಯಲ್ಲಿ ಪೆಟ್ಟಿಗೆ ಒಪ್ಪಿಸಿದಳು. ಲ್ಯಾಬಿನಕ್ಕ ಹದಿನಾಲ್ಕನ್ನೂ ತೂಗಿ, ಪಟ್ಟಿಯಲ್ಲಿ ಹದಿನಾಲ್ಕರ ಮುಂದೆಯೂ ಕೆಂಪು ಗೆರೆ ಎಳೆದರು. ಎಳೆಯುವಾಗ ಇವಳ ಮುಖ ನೋಡಲಿಲ್ಲ. "ಎಷ್ಟು ಚೆನ್ನಾಗಿ ಉಜ್ಜಿದ್ದಾಳೆ ನೋಡು" ಎಂದರು ಕೊನೆಗೆ. ಅದನ್ನು ಕೇಳಿದ ಮೇಲೆಯೇ ಇವಳಿಗೆ ಅಳು ತಡೆಯಲಾಗಲಿಲ್ಲ.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಚೂಟಿಗೆ ಹೆಜ್ಜೆಯ ಸದ್ದು ಗೊತ್ತಾಯಿತು. ಬಾಗಿಲು ದಡಾರನೆ ತೆರೆದು ನಿಂತಳು. ಹನ್ನೆರಡು ದಿನಕ್ಕೆ ಹೋದ ಅಮ್ಮ ನಾಲ್ಕೇ ದಿನಕ್ಕೆ ಬಂದಿದ್ದಳು. ಮಗು ಹಾರಿ ಕೊರಳಿಗೆ ಬಿದ್ದು, ಕಿವಿಯಲ್ಲಿ ಗುಟ್ಟು ಹೇಳಿತು.

"ನಾನು ಎಲ್ಲಾ ಒರೆಸಿಟ್ಟಿದ್ದೆ. ಅದಕ್ಕೇ ಬೇಗ ಬಂದೆ ಅಲ್ವಾ?"

ಅವಳು ಬಾಗಿಲಲ್ಲೇ ನಿಂತಳು. ಮೂರು ವರ್ಷದಿಂದ ಆ ಮುಖದಲ್ಲಿ ಇಷ್ಟು ಸಂತೋಷವನ್ನು ಅವಳು ಕಂಡಿರಲಿಲ್ಲ. ಫೋನಿನ ಹೂಂ, ಊಹೂಂ ಎಲ್ಲ ಎಲ್ಲಿ ಹೋದವೋ. "ಕೈಗವಸು ಹಾಕ್ಕೊಂಡೇ ಮುಟ್ಟಿದ್ದು. ಒಂದೂ ಬೀಳಿಸಿಲ್ಲ. ಅಜ್ಜಿ ಹತ್ರ ಹಲ್ಲುಪುಡಿ ಇಸ್ಕೊಂಡೆ. ಹೊಳೀತಿತ್ತಾ?"

ನಿಜ ಹೇಳಬಹುದಿತ್ತು. ಹೇಳಿದರೆ ಆ ಮುಖ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎರಡು ದಿನದ ಹಿಂದೆ ಅಕ್ಕಿಕಾಳಿಗಿಂತ ಕಡಿಮೆ ಸುಳ್ಳಿಗೂ ಒಪ್ಪದ ಹೆಂಗಸು ಈಗ ಬೆಟ್ಟದಂಥ ಸುಳ್ಳನ್ನು ಹೇಳಿದಳು.

"ಹೊಳೀತಿತ್ತು ಪುಟ್ಟಾ. ಅದಕ್ಕೇ ಬೇಗ ಬಂದೆ."

ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗು ಕೆಳಗೆ ಆಡಲು ಹೋದ ಮೇಲೆ ಇವಳು ನಡೆದದ್ದನ್ನು ಹೇಳಿದಳು. ಮುದುಕಿ ಮಂಡಿ ನೀವಿಕೊಳ್ಳುತ್ತಾ ಕೂತಳು. "ಬಾಗಿಲ ಹಿಡಿ ಉಜ್ಜೋಕೆ ಅಂದ್ಕೊಂಡು ನಾನೇ ಕೊಟ್ಟೆ ಕಣೇ ಹಲ್ಲುಪುಡೀನ" ಎಂದಳು. ಆಮೇಲೆ, "ಮಗೂಗೆ ಹೇಳ್ಬೇಡ. ಬೆಳೆದ ಮೇಲೂ ಹೇಳ್ಬೇಡ" ಎಂದಳು. ಗಂಡನಿಗೆ ಹೇಳಿದಾಗ ಅವನು ಶಾಯಿ ಹತ್ತಿದ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು, "ಇನ್ನೊಂದ್ಸಲ ಕೇಳಿ ನೋಡು" ಎಂದ. ಇನ್ನೊಂದು ಸಲ ಎನ್ನುವುದು ಯಾವಾಗ? ಲ್ಯಾಬಿನಕ್ಕ ಅಲ್ಲಿ ಇಪ್ಪತ್ತಾರು ವರ್ಷ ಕೂತಿದ್ದರು.

ಕುರ್ಚಿ ಬೇರೆಯವರಿಗೆ ಹೋಯಿತು. ಉಗ್ರಾಣದವನನ್ನು ಬೇರೆ ಕಡೆಗೆ ಹಾಕಿದರು. ಅವನು ಆಮೇಲೆ ಇವಳನ್ನು ಕಂಡರೆ ನಮಸ್ಕಾರ ಮಾಡುತ್ತಿದ್ದ, ನಿಂತು ಮಾತಾಡುತ್ತಿರಲಿಲ್ಲ. ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಅದೇ ದೊಡ್ಡ ಉಪಕಾರ ಎಂದರು. ಆ ಏಳು ತಿಂಗಳಲ್ಲಿ ಅವಳು ಸಹಿ ಹಾಕಿದ ಎಲ್ಲಾ ತಕ್ಕಡಿಗಳನ್ನೂ ಹೊಸ ಬಟ್ಟುಗಳಿಂದ ಮತ್ತೆ ಪರೀಕ್ಷೆ ಮಾಡಿ ಬರಬೇಕೆಂದು ಆಜ್ಞೆಯಾಯಿತು. ಮಗು ಉಜ್ಜಿದ್ದು ಒಂದೇ ಶನಿವಾರ, ಅದಕ್ಕೆ ಮುಂಚಿನವೆಲ್ಲ ಸರಿಯಾಗಿಯೇ ಇವೆ ಎಂದು ಅವಳು ಹೇಳಿ ನೋಡಿದಳು. "ಮನೇಲಿದ್ದ ಪೆಟ್ಟಿಗೆ, ಯಾವತ್ತು ಏನಾಯ್ತೋ ಯಾರು ಹೇಳ್ತಾರೆ?" ಎಂದರು ಮೇಲಿನವರು. ಮಾಮೂಲಿ ಹದಿನೆಂಟು ದಿನದ ಮೇಲೆ ಇದೊಂದು ಸೇರಿಕೊಂಡಿತು. ಹೊಸ ಪೆಟ್ಟಿಗೆ ಇಡುವ ಉಗ್ರಾಣದ ಕಪಾಟಿಗೆ ಬೀಗ ಬಂತು, ಬೀಗದ ಕೈ ಕಚೇರಿಯಲ್ಲಿ ಉಳಿಯಿತು. ಕೊಡಲು ಅರ್ಧ ದಿನ, ತರಲು ಅರ್ಧ ದಿನ.

ಆ ಸಲ ಅವಳು ಇಪ್ಪತ್ತಮೂರು ದಿನ ಹೊರಗಿದ್ದಳು. ಊರಿಂದೂರಿಗೆ ಹೋಗಿ ತನ್ನದೇ ಚೀಟಿ ಕೆರೆದು, ತೂಗಿ, ಸರಿಯಿದೆ ಎಂದು ಕಂಡು, ಅಲ್ಲೇ ಮತ್ತೆ ಚೀಟಿ ಅಂಟಿಸುವ ಕೆಲಸ. ಸಂಜೆ ಫೋನು ಮಾಡಿದರೆ ಮೊದಲೆರಡು ದಿನ ಚೂಟಿ, "ನಾಳೆ ಬರ್ತೀಯಾ?" ಎಂದು ಉತ್ಸಾಹದಿಂದ ಕೇಳಿದಳು. ಐದನೇ ದಿನ, "ಇನ್ನೂ ಮುಗೀಲಿಲ್ವಾ?" ಎಂದಳು. ಹತ್ತನೇ ದಿನದಿಂದ ಫೋನಿಗೆ ಬರಲಿಲ್ಲ. "ಏನೋ ಕೆಲಸದಲ್ಲಿದ್ದಾಳೆ" ಎನ್ನುತ್ತಿದ್ದಳು ಅತ್ತೆ. ಏನು ಕೆಲಸ ಎಂದು ಇವಳು ಕೇಳಲಿಲ್ಲ.

ಇಪ್ಪತ್ತನಾಲ್ಕನೇ ದಿನ ಕಚೇರಿಗೆ ಹೋಗಿ ಪೆಟ್ಟಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಮನೆಗೆ ಬಂದಾಗ ಸಂಜೆಯಾಗಿತ್ತು. ಮೆಟ್ಟಿಲ ಕೊನೆಯಲ್ಲಿ ನಿಂತವಳಿಗೆ ಬಾಗಿಲ ಹಿಡಿ ಕಣ್ಣು ಕುಕ್ಕಿತು. ಅಷ್ಟು ಹೊಳೆಯುತ್ತಿತ್ತು. ಹತ್ತಿರ ಹೋಗಿ ಮುಟ್ಟಿದಳು. ಬೆರಳಿಗೆ ಹಲ್ಲುಪುಡಿ ಅಂಟಿತು. ಕೆತ್ತನೆಯ ಹೂಬಳ್ಳಿಯಲ್ಲಿ ಹೂವಿನ ಎಸಳುಗಳು ಅಳಿಸಿಹೋಗಿದ್ದವು.

ಬಾಗಿಲು ತೆರೆದದ್ದು ಅತ್ತೆ. "ದಿನಾ ಉಜ್ತಾಳೆ" ಎಂದಳು ಮೆಲ್ಲಗೆ. "ಬೆಳಿಗ್ಗೆ ಒಂದ್ಸಲ, ಸ್ಕೂಲಿಂದ ಬಂದು ಒಂದ್ಸಲ. ಡಬ್ಬಿ ಮುಚ್ಚಿಟ್ರೆ ಹುಡುಕಿ ತೆಗೀತಾಳೆ. ನಾನೇನು ಹೇಳ್ಲಿ ಹೇಳು?"

ಚೂಟಿ ಒಳಗೆ ಚಾಪೆಯ ಮೇಲೆ ಕೂತಿದ್ದಳು. ಓಡಿ ಬರಲಿಲ್ಲ. ಅಮ್ಮನ ಕೈಯಲ್ಲಿ ಸೂಟ್‌ಕೇಸ್ ಒಂದೇ ಇರುವುದನ್ನು ನೋಡಿದಳು, ಅವಳ ಹಿಂದೆ ಬಾಗಿಲಾಚೆ ನೋಡಿದಳು.

"ಪೆಟ್ಟಿಗೆ?"

"ಇನ್ಮೇಲೆ ಅದು ಆಫೀಸಲ್ಲೇ ಇರುತ್ತೆ ಪುಟ್ಟಾ."

"ಯಾವಾಗ್ಲೂ?"

"ಯಾವಾಗ್ಲೂ."

ಅವಳು ಬಗ್ಗಿ ಮಗಳನ್ನು ಎತ್ತಿಕೊಂಡಳು. ಕೈಗೆ ತೂಕ ತಿಳಿಯಿತು, ಬಾಯಲ್ಲಿ ಹೇಳಲಿಲ್ಲ. ಮಗಳೂ ಎಷ್ಟು ಎಂದು ಕೇಳಲಿಲ್ಲ. ಮಗುವಿನ ಬೆರಳ ತುದಿಗಳು ಒರಟಾಗಿದ್ದವು, ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ನಾಡಿದ್ದು ಬೆಳಿಗ್ಗೆ ಮತ್ತೆ ಹೊರಡಬೇಕು ಎಂಬುದನ್ನು ಹೇಗೆ ಹೇಳುವುದು ಎಂದು ತಾಯಿ ಯೋಚಿಸುತ್ತಿರುವಾಗ ಚೂಟಿ ಅವಳ ಭುಜದ ಮೇಲೆ ಗದ್ದ ಇಟ್ಟು, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದಳು.

"ಪೆಟ್ಟಿಗೆ ಸಿಗ್ಲಿಲ್ಲ ಅಮ್ಮ. ಅದಕ್ಕೇ ಬಾಗಿಲ ಹಿಡಿ ಉಜ್ಜಿದೆ. ಅದನ್ನ ಉಜ್ಜಿದ್ರೆ ನೀನು ಅಷ್ಟು ಬೇಗ ಬರಲ್ಲ. ಈ ಸಲ ಇನ್ನೂ ಜೋರಾಗಿ ಉಜ್ತೀನಿ."